ಕ್ಷಮಿಸಿದ ಮೇಲೆ ಪಾಲುದಾರಿಕೆ ಮುಂದುವರಿಸಲೇಬೇಕೆ?

ನೀವು ಬರೆದದ್ದು ಇಷ್ಟು: ಚಿಕ್ಕಪ್ಪನ ಮಗನ ಜೊತೆ ಸೇರಿ ಮಡಿಕೇರಿ ಹತ್ತಿರ ಹೋಂಸ್ಟೇ ನಡೆಸುತ್ತಿದ್ದೀರಿ. ನೇರವಾಗಿ ಫೋನ್ ಮಾಡಿ ಬಂದ ಅತಿಥಿಗಳ ಹಣವನ್ನು ಅವನು ತನ್ನ ಖಾತೆಗೆ ಹಾಕಿಸಿಕೊಂಡಿದ್ದಾನೆ. ಸಿಕ್ಕಿಬಿದ್ದ ಮೇಲೆ ಅತ್ತು ಕ್ಷಮೆ ಕೇಳಿದ. ಸುಗ್ಗಿಯ ಹಬ್ಬ ಹುತ್ತರಿಗೆ ಎಲ್ಲರೂ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಸೇರುವ ಮೊದಲು ರಾಜಿಯಾಗಿ ಎಂದು ಹಿರಿಯರ ಒತ್ತಾಯ. ಕ್ಷಮಿಸಿದರೆ ಮೊದಲಿನಂತೆ ಜೊತೆಗೇ ವ್ಯವಹಾರ ಮಾಡಬೇಕಾ ಅಂತ ಕೇಳಿದ್ದೀರಿ.

ಮಾಡಬೇಕಾಗಿಲ್ಲ. ಆದರೆ ನಿಮ್ಮ ಹಿರಿಯರು ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ: ಅವನು ಕ್ಷಮೆ ಕೇಳಿದ್ದು ಎಷ್ಟಕ್ಕೆ?

ನಮ್ಮದು ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ತೋಟ. ಅಪ್ಪ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ನಮ್ಮ ರೈಟರ್, ಅಂದರೆ ತೋಟದ ಗುಮಾಸ್ತ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ) ಸಮಯದ ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಕೆಲಸಕ್ಕೆ ಬಾರದವರ ಹೆಸರಿಗೂ ಹಾಜರಿ ಹಾಕಿ ಕೂಲಿ ಎತ್ತುತ್ತಿದ್ದ. ಗೊತ್ತಾದ ದಿನ ಮೇಸ್ತ್ರಿಯ ಎದುರೇ ಒಪ್ಪಿಕೊಂಡ. ಅಪ್ಪ ಅವತ್ತೇ ಸಂಜೆ ‘ಆಯ್ತು, ಬಿಡು’ ಅಂದುಬಿಟ್ಟರು. ಮುಂದಿನ ಮಳೆಗಾಲದ ಹೊತ್ತಿಗೆ ಗೊಬ್ಬರದ ಬಿಲ್ಲಿನಲ್ಲೂ ಅದೇ ಕಥೆ ಹೊರಬಿತ್ತು. ಅದು ಹೊಸ ಕಳ್ಳತನವಲ್ಲ, ಮೊದಲ ಸಲ ಬಾಯಿಬಿಡದೆ ಉಳಿಸಿಕೊಂಡಿದ್ದ ಹಳೆಯದು. ಮೊತ್ತ ಹಾಜರಿಯದ್ದಕ್ಕಿಂತ ಕಡಿಮೆ. ಆದರೂ ಕೂಲಿಯ ವಿಷಯಕ್ಕೆ ಸಿಟ್ಟಾಗದ ಅಪ್ಪ ಗೊಬ್ಬರದ ವಿಷಯಕ್ಕೆ ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಅವರು ಕ್ಷಮಿಸಿದ್ದು ಅರ್ಧ ಕಥೆಯನ್ನು ಮಾತ್ರ, ಉಳಿದರ್ಧ ಬಂದಾಗ ಕೊಟ್ಟ ಕ್ಷಮೆಯೂ ಮೋಸ ಹೋದಂತಾಯಿತು.

ಸಂಸಾರದಲ್ಲೂ ಇದೇ. ಗಂಡ ಮುಚ್ಚಿಟ್ಟ ಕೈಸಾಲ ಇವತ್ತೊಂದು, ಮುಂದಿನ ತಿಂಗಳೊಂದು ಅಂತ ಕಂತಿನಲ್ಲಿ ಹೊರಗೆ ಬಂದರೆ ಹೆಂಡತಿಗೆ ಸಾಲಕ್ಕಿಂತ ಆ ಕಂತೇ ಹೆಚ್ಚು ನೋಯುತ್ತದೆ.

ಹಾಗಾಗಿ ಮೊದಲು ಲೆಕ್ಕ. ಅತಿಥಿಗಳ ರಿಜಿಸ್ಟರ್, ನಿಮ್ಮಿಬ್ಬರ ಫೋನಿನ ಬುಕಿಂಗ್ ಮೆಸೇಜುಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಒಟ್ಟಿಗೆ ಇಟ್ಟು ನೋಡಿ. ರಿಜಿಸ್ಟರ್ ಮೇಲೆ ನಂಬಿಕೆ ಇಲ್ಲದಿದ್ದರೆ ಬೆಡ್‌ಶೀಟ್ ಒಗೆಯಲು ಕೊಟ್ಟ ಲೆಕ್ಕ ತೆಗೆಯಿರಿ. ಎಷ್ಟು ಕೋಣೆ ತುಂಬಿತ್ತು ಅನ್ನುವುದನ್ನು ಅದು ಮುಚ್ಚಿಡುವುದಿಲ್ಲ. ವಿದೇಶಿಯರು ಉಳಿದಿದ್ದರೆ ಅವರ ಬಗ್ಗೆ 24 ಗಂಟೆಯೊಳಗೆ ಸರ್ಕಾರಕ್ಕೆ ತುಂಬಿ ಕೊಡಬೇಕಾದ ಫಾರ್ಮ್ (ಮೊದಲು ಫಾರ್ಮ್ ಸಿ ಅನ್ನುತ್ತಿದ್ದರು) ಕೂಡ ದಾಖಲೆಯೇ. ಇದಕ್ಕೆಲ್ಲ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವು ಹುಡುಕುವ ಮೊದಲು ಅವನೇ ‘ಇದೂ ಇದೆ’ ಅಂತ ಒಂದು ತೋರಿಸಿದರೆ, ಅವನ ಕಣ್ಣೀರಿಗಿಂತ ನಾನು ಅದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

‘ಅಣ್ಣತಮ್ಮಂದಿರ ನಡುವೆ ಲೆಕ್ಕವೇ?’ ಅಂತ ಯಾರಾದರೂ ಅನ್ನುತ್ತಾರೆ, ಅನ್ನಲಿ. 1932ರ ಪಾಲುದಾರಿಕೆ ಕಾಯ್ದೆಯ 9ನೇ ಸೆಕ್ಷನ್ ಪಾಲುದಾರರು ಒಬ್ಬರಿಗೊಬ್ಬರು ಪ್ರಾಮಾಣಿಕರಾಗಿರಬೇಕು, ಸರಿಯಾದ ಲೆಕ್ಕ ಒಪ್ಪಿಸಬೇಕು ಎನ್ನುತ್ತದೆ. ರಕ್ತಸಂಬಂಧಕ್ಕೆ ಅಲ್ಲಿ ವಿನಾಯಿತಿ ಇಲ್ಲ.

ಇನ್ನು ಕ್ಷಮೆ. ಎವೆರೆಟ್ ವರ್ದಿಂಗ್ಟನ್ ಎಂಬ ಮನಶ್ಶಾಸ್ತ್ರಜ್ಞರು ಇದರಲ್ಲಿ ಎರಡು ಬಗೆ ಗುರುತಿಸುತ್ತಾರೆ: ಸೇಡು ತೀರಿಸಿಕೊಳ್ಳುವುದಿಲ್ಲ ಎಂಬ ನಿರ್ಧಾರ ಒಂದು, ಒಳಗಿನ ಕಹಿ ಇಳಿಯುವುದು ಇನ್ನೊಂದು. ಮೊದಲನೆಯದನ್ನು ನೀವು ಹುತ್ತರಿಯೊಳಗೆ ಮಾಡಬಹುದು. ಎರಡನೆಯದಕ್ಕೆ ಹಿರಿಯರು ಗಡುವು ಹಾಕಲು ಬರುವುದಿಲ್ಲ. ‘ಐನ್‌ಮನೆಗೆ ಬರುತ್ತೇನೆ, ಅವನ ಜೊತೆ ಕೂತು ಉಣ್ಣುತ್ತೇನೆ, ಹೋಂಸ್ಟೇ ಮಾತು ಆಮೇಲೆ’ ಅಂತ ಹೇಳಿಬಿಡಿ. ಅದರಲ್ಲಿ ಅಗೌರವವೇನೂ ಇಲ್ಲ.

ನಮ್ಮ ರೈಟರ್ ತೋಟ ಬಿಟ್ಟು ಹೋಗಲಿಲ್ಲ. ಅಪ್ಪ ಅವನನ್ನು ಕಣದ ಕೆಲಸಕ್ಕೆ ಹಾಕಿದರು, ಕೂಲಿ ಬಟವಾಡೆ ಅಮ್ಮನ ಕೈಗೆ ಬಂತು. ಕಾಫಿ ಒಣಗಿಸುವುದರಲ್ಲಿ ಅವನಷ್ಟು ನಿಗಾ ಇದ್ದವರು ಇರಲಿಲ್ಲ. ನಿಮ್ಮ ತಮ್ಮನೂ ಅಡುಗೆಯಲ್ಲೋ, ಅತಿಥಿಗಳನ್ನು ತೋಟ ಸುತ್ತಿಸುವುದರಲ್ಲೋ ಗಟ್ಟಿಗನಾಗಿರಬಹುದು. ಉಳಿಸಿಕೊಳ್ಳುವುದಾದರೆ ಅಲ್ಲಿಡಿ. ಹಣ ಮಾತ್ರ ಸಂಸ್ಥೆಯ ಹೆಸರಿನ ಒಂದೇ ಖಾತೆಗೆ, ಒಂದೇ ಕ್ಯೂಆರ್ ಕೋಡಿಗೆ ಬರಲಿ, ಮೆಸೇಜ್ ಇಬ್ಬರ ಫೋನಿಗೂ ಹೋಗಲಿ. ಅದನ್ನು ಅವನು ಅವಮಾನ ಅಂದುಕೊಂಡರೆ ಬೇರೆಯಾಗುವುದೇ ವಾಸಿ.

ಬೇರೆಯಾಗುವುದಾದರೆ ಪಾಲುದಾರಿಕೆ ಪತ್ರ ತೆಗೆದು ಓದಿ. ಅವಧಿ ನಮೂದಿಸದ ಪಾಲುದಾರಿಕೆಯನ್ನು ಸಾಮಾನ್ಯವಾಗಿ ಲಿಖಿತ ನೋಟಿಸ್ ಕೊಟ್ಟು ಮುಗಿಸಬಹುದು. ಸಂಸ್ಥೆ ನೋಂದಣಿಯಾಗಿಲ್ಲದಿದ್ದರೂ ವಿಸರ್ಜನೆಗೆ ಮತ್ತು ಲೆಕ್ಕಕ್ಕೆ ದಾವೆ ಹೂಡುವ ಹಕ್ಕು ಇದ್ದೇ ಇರುತ್ತದೆ. ನೋಟಿಸ್ ಕಳಿಸುವ ಮೊದಲು ಪತ್ರವನ್ನು ಒಬ್ಬ ವಕೀಲರಿಗೆ ತೋರಿಸಿ, ನೆಂಟರಲ್ಲದವರಾದರೆ ಒಳ್ಳೆಯದು.