ನೋವಿಲ್ಲ ಅಂತ ಸ್ಕ್ಯಾನ್ ಬಿಡಬೇಡಿ

ಪತ್ರ: ಅಪ್ಪನಿಗೆ 71 ವರ್ಷ. ಹೊಟ್ಟೆಯ ದೊಡ್ಡ ರಕ್ತನಾಳ, ಅಯೋರ್ಟಾ, ಉಬ್ಬಿದೆ ಎಂದು ಕಳೆದ ವರ್ಷ ತೊಡೆಸಂದಿನಿಂದ ಸ್ಟೆಂಟ್ ಗ್ರಾಫ್ಟ್ ಹಾಕಿದರು. ಮೂರನೇ ದಿನವೇ ಮನೆಗೆ ಬಂದರು. ಈಗ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಟೈಪ್ 2 ಎಂಡೋಲೀಕ್’ ಎಂದಿದೆ. ಆಪರೇಷನ್ ಫೇಲ್ ಆಯಿತೇ? ಅಪ್ಪನಂತೂ ‘ನೋವೇ ಇಲ್ಲ, ಸುಮ್ನೆ ಯಾಕೆ ದುಡ್ಡು, ಇನ್ನು ಸ್ಕ್ಯಾನ್ ಬೇಡ’ ಎನ್ನುತ್ತಾರೆ.
– ಓದುಗರೊಬ್ಬರು, ಹಾವೇರಿ

ಸಂಪಾದಕರ ಉತ್ತರ: ಟೈಪ್ 2 ಅಂದ ಮಾತ್ರಕ್ಕೆ ಫೇಲ್ ಅಂತಲ್ಲ, ಗಾಬರಿಯಾಗಬೇಡಿ. ಆದರೆ ಸ್ಕ್ಯಾನ್ ಬಿಡುವ ಮಾತಿಗೆ ಮಾತ್ರ ದಯವಿಟ್ಟು ಒಪ್ಪಬೇಡಿ.

ಹೊಟ್ಟೆ ಕೊಯ್ದು ಮಾಡುವ ಆಪರೇಷನ್‌ನಲ್ಲಿ ಉಬ್ಬಿದ ಜಾಗಕ್ಕೆ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ನಿಮ್ಮ ಅಪ್ಪನಿಗೆ ಮಾಡಿದ್ದು ಬೇರೆ. ಹಳೇ ಪೈಪಿನೊಳಗೆ ಹೊಸ ಪೈಪು ಕೂರಿಸಿದ್ದಾರೆ. ಉಬ್ಬು ಅಲ್ಲೇ ಇದೆ. ರಕ್ತ ಹೊಸ ಪೈಪಿನಲ್ಲೇ ಹರಿದರೆ ಉಬ್ಬಿನ ಮೇಲೆ ಒತ್ತಡ ಬೀಳುವುದಿಲ್ಲ. ಪೈಪಿನ ಹೊರಗೆ, ಉಬ್ಬಿನೊಳಗೆ ರಕ್ತ ನುಗ್ಗಿದರೆ ಅದೇ ಎಂಡೋಲೀಕ್.

ಟೈಪ್ 2ರಲ್ಲಿ ಬೆನ್ನಿನ ಕಡೆಯ ಸಣ್ಣ ಕವಲುಗಳಿಂದ ರಕ್ತ ಹಿಮ್ಮುಖವಾಗಿ ಬರುತ್ತದೆ. ಜಾಸ್ತಿ ಕಾಣುವುದು ಇದೇ. ಎಷ್ಟೋ ಜನರಲ್ಲಿ ತಾನಾಗಿ ನಿಲ್ಲುತ್ತದೆ. ಟೈಪ್ 1, ಟೈಪ್ 3 ಹಾಗಲ್ಲ. ಪೈಪಿನ ತುದಿ ಸರಿಯಾಗಿ ಕಚ್ಚಿಕೊಂಡಿರುವುದಿಲ್ಲ, ಇಲ್ಲವೇ ಜೋಡಣೆ ಬಿಟ್ಟಿರುತ್ತದೆ, ಪೈಪಿನ ಬಟ್ಟೆ ಹರಿದಿರುತ್ತದೆ. ರಕ್ತ ಪೂರ್ತಿ ರಭಸದಲ್ಲಿ ನುಗ್ಗುತ್ತದೆ. ತಡಮಾಡದೆ ಸರಿಪಡಿಸಬೇಕು. ಹಾಗಾಗಿ ಡಾಕ್ಟರನ್ನು ಒಂದೇ ಮಾತು ಕೇಳಿ: ಉಬ್ಬು ಆಗ ಎಷ್ಟು ಸೆಂಟಿಮೀಟರ್ ಇತ್ತು, ಈಗ ಎಷ್ಟಿದೆ? ಬೆಳೆಯದಿದ್ದರೆ ಟೈಪ್ 2 ಅನ್ನು ಸಾಮಾನ್ಯವಾಗಿ ನೋಡಿಕೊಂಡು ಹೋಗುತ್ತಾರೆ.

ಎಂಡೋಲೀಕ್‌ಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಅಪ್ಪ ತಪ್ಪುತ್ತಿರುವುದು ಇಲ್ಲೇ. ಬ್ರಿಟನ್ನಿನಲ್ಲಿ 1999ರಿಂದ 2004ರವರೆಗೆ 1,252 ರೋಗಿಗಳನ್ನು ಸೇರಿಸಿಕೊಂಡು ‘ಇವಾರ್ 1’ ಎಂಬ ಅಧ್ಯಯನ ನಡೆಯಿತು. ಮೊದಲ ತಿಂಗಳಲ್ಲಿ ತೀರಿಕೊಂಡವರು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 2, ಹೊಟ್ಟೆ ಕೊಯ್ಸಿಕೊಂಡವರಲ್ಲಿ 4ರಿಂದ 5. ಆದರೆ 8 ವರ್ಷ ದಾಟಿದ ಮೇಲೆ ಲೆಕ್ಕ ತಿರುಗಿತು. ಉಬ್ಬಿನ ಕಾರಣಕ್ಕೆ ಸತ್ತವರು ಸ್ಟೆಂಟ್ ಗುಂಪಿನಲ್ಲೇ ಹೆಚ್ಚು. ಮುಖ್ಯ ಕಾರಣ, ಹಳೇ ಉಬ್ಬು ಒಡೆದದ್ದು. ಇದನ್ನು ಓದಿದಾಗ ನನಗೂ ಎದೆ ಧಸಕ್ಕೆಂದಿತ್ತು. ಮೂರನೇ ದಿನಕ್ಕೆ ಮನೆಗೆ ಬಂದದ್ದು ನಿಜ, ಆದರೆ ಚಿಕಿತ್ಸೆ ಅಲ್ಲಿಗೆ ಮುಗಿದಿಲ್ಲ ಅಲ್ವಾ?

ದುಡ್ಡಿನ ಚಿಂತೆ ನನಗೂ ಅರ್ಥವಾಗುತ್ತದೆ. ಪ್ರತಿಸಲವೂ ಸಿ.ಟಿ. ಬೇಕೆಂದೇನಿಲ್ಲ. ಉಬ್ಬು ಬೆಳೆಯುತ್ತಿಲ್ಲವಾದರೆ ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್ ಸ್ಕ್ಯಾನ್) ಸಾಕೇ ಎಂದು ಕೇಳಿ. ಸಿ.ಟಿ.ಗೆ ಕೊಡುವ ಡೈ ಕಿಡ್ನಿಗೆ ಭಾರವಾಗಬಹುದು, ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಜಾಸ್ತಿ ಇದ್ದರೆ ಮೊದಲೇ ಹೇಳಿ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿಸಿ.

ಕಾಲು ತಣ್ಣಗಾದರೆ, ನಡೆಯುವಾಗ ಮೀನಖಂಡ ಹಿಡಿದುಕೊಂಡರೆ ಕಾಲಿನ ಕಡೆಗೆ ಹೋಗುವ ಸ್ಟೆಂಟಿನ ಕವಲು ಕಟ್ಟಿಕೊಂಡಿರಬಹುದು. ಬಿಡದೆ ಜ್ವರ ಬಂದರೆ ಸೋಂಕಿನ ಅನುಮಾನ. ಎರಡಕ್ಕೂ ಬೇಗ ತೋರಿಸಿ. ಹೊಟ್ಟೆಯಲ್ಲೋ ಬೆನ್ನಿನಲ್ಲೋ ಏಕಾಏಕಿ ನೋವು, ತಲೆಸುತ್ತು ಬಂದರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಫೋನ್ ಮಾಡಿ. ಸ್ಟೆಂಟ್ ಗ್ರಾಫ್ಟ್ ಇದೆ ಎಂದು ಮೊದಲು ಹೇಳಿ. ಅದರ ಕಾರ್ಡ್ ಅಪ್ಪನ ಜೇಬಿನಲ್ಲೇ ಇರಲಿ.