ಒಂದೇ ಭಾನುವಾರ, ಎರಡು ‘ಐನೂರು’

ಅಮೆರಿಕದ ಇಂಡಿಕಾರ್ ರೇಸಿಂಗ್ (ಚಕ್ರಗಳು ಹೊರಗೆ ಕಾಣುವ, ಒಂಟಿ ಆಸನದ ಕಾರುಗಳ ಓಟ) ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆದ ಟಿಪ್ಪಣಿಯಲ್ಲಿ ‘1996ರ ಒಡಕು’ ಎಂಬ ಮಾತು ಅರ್ಧ ಸಾಲಿನಲ್ಲಿ ಬಂದು ಹೋಗಿತ್ತು. ಓದುಗರು ಉಳಿದದ್ದನ್ನೆಲ್ಲ ಬಿಟ್ಟು ಆ ಅರ್ಧ ಸಾಲನ್ನೇ ಹಿಡಿದು ಪ್ರಶ್ನೆ ಕೇಳಿದ್ದಾರೆ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಒಂದೇ ದೇಶ, ಒಂದೇ ಬಗೆಯ ಕಾರು, ಅದೇ ಪ್ರೇಕ್ಷಕರು. ಹಾಗಿದ್ದೂ ಎರಡು ಸಂಸ್ಥೆಗಳು ಏಕೆ ಆದವು? ತಪ್ಪು ಯಾರದು?
— ಓದುಗರೊಬ್ಬರು, ದಾವಣಗೆರೆ

ಹೊಲ ಒಬ್ಬರದು, ಎತ್ತು ಇನ್ನೊಬ್ಬರದು ಎಂಬಲ್ಲಿ ಹುಟ್ಟಿದ ಜಗಳ ಇದು. ಇಂಡಿಯಾನಾಪೊಲಿಸ್ ಟ್ರ್ಯಾಕನ್ನು 1945ರಲ್ಲಿ ಟೋನಿ ಹಲ್ಮನ್ ಏಳೂವರೆ ಲಕ್ಷ ಡಾಲರಿಗೆ ಕೊಂಡರು. ಅಲ್ಲಿಂದ ಮುಂದೆ ಅದು ಆ ಕುಟುಂಬದ ಸ್ವತ್ತು. 1911ರಲ್ಲಿ ಅಲ್ಲಿ ಆರಂಭವಾದ 500 ಮೈಲಿಯ ಓಟವೇ, ಅಂದರೆ ‘ಇಂಡಿ 500’, ಈ ಆಟದ ಜೀವ. ಆದರೆ ಓಡುವ ಕಾರು, ಚಾಲಕ, ಮೆಕ್ಯಾನಿಕ್, ಪ್ರಾಯೋಜಕ ಎಲ್ಲವನ್ನೂ ಹೊಂದಿಸಿ ತರುವವರು ತಂಡಗಳ ಮಾಲೀಕರು. 1956ರಿಂದ ಓಟಗಳ ಉಸ್ತುವಾರಿ ನೋಡುತ್ತಿದ್ದ ಯುಸ್ಯಾಕ್ ಎಂಬ ಸಂಸ್ಥೆಯ ಬಗ್ಗೆ ಈ ಮಾಲೀಕರಲ್ಲಿ ಅಸಮಾಧಾನ ಬೆಳೆಯಿತು. ಚಾಲಕರಾಗಿಯೂ ಮಾಲೀಕರಾಗಿಯೂ ಹೆಸರು ಮಾಡಿದ್ದ ಡ್ಯಾನ್ ಗರ್ನಿ 1978ರಲ್ಲಿ ಒಂದು ಶ್ವೇತಪತ್ರ ಬರೆದು, ಮಾಲೀಕರೇ ಸಂಘಟಿತರಾಗಿ ತಮ್ಮ ಆಟದ ಲಗಾಮು ಹಿಡಿಯಬೇಕೆಂದು ವಾದಿಸಿದರು. ರೋಜರ್ ಪೆನ್ಸ್ಕಿ, ಪ್ಯಾಟ್ ಪ್ಯಾಟ್ರಿಕ್ ಮೊದಲಾದವರು ಕಟ್ಟಿದ ‘ಕಾರ್ಟ್’ ಸಂಸ್ಥೆ 1979ರಲ್ಲಿ ತನ್ನದೇ ಸರಣಿ ಆರಂಭಿಸಿತು. ಆ ವರ್ಷ ಯುಸ್ಯಾಕ್ ಕಾರ್ಟ್‌ನ ಆರು ತಂಡಗಳಿಗೆ ಇಂಡಿ 500ರ ಪ್ರವೇಶ ನಿರಾಕರಿಸಿತು. ತಂಡಗಳು ಕೋರ್ಟಿನಿಂದ ಆದೇಶ ತಂದು ಓಡಿದವು. ಗೆದ್ದವರು ಪೆನ್ಸ್ಕಿಯ ಚಾಲಕ ರಿಕ್ ಮಿಯರ್ಸ್.

ಆಮೇಲೆ ಹದಿನೈದು ವರ್ಷ ಹೇಗೋ ಹೊಂದಾಣಿಕೆ ನಡೆಯಿತು. ಸರಣಿ ಕಾರ್ಟ್‌ನದು, ಮೇ ತಿಂಗಳ ದೊಡ್ಡ ಓಟ ಮಾತ್ರ ಯುಸ್ಯಾಕ್ ಹೆಸರಿನಲ್ಲಿ. 1990ರಲ್ಲಿ ಟ್ರ್ಯಾಕಿನ ಅಧ್ಯಕ್ಷರಾದ ಹಲ್ಮನ್‌ರ ಮೊಮ್ಮಗ ಟೋನಿ ಜಾರ್ಜ್‌ಗೆ ಈ ಏರ್ಪಾಡು ಒಪ್ಪಿಗೆಯಾಗಲಿಲ್ಲ. ಖರ್ಚು ಕೈಮೀರುತ್ತಿದೆ, ಅಂಡಾಕಾರದ ಓವಲ್ ಟ್ರ್ಯಾಕುಗಳು ಕಡಿಮೆಯಾಗುತ್ತಿವೆ, ಮಣ್ಣಿನ ಟ್ರ್ಯಾಕುಗಳಲ್ಲಿ ಪಳಗಿದ ಅಮೆರಿಕನ್ ಹುಡುಗರಿಗೆ ಜಾಗವಿಲ್ಲ ಎಂಬುದು ಅವರ ದೂರು. 1994ರಲ್ಲಿ ಹೊಸ ಸರಣಿ ಐಆರ್‌ಎಲ್ ಅನ್ನು ಘೋಷಿಸಿದರು. 1996ರ ಇಂಡಿ 500ರ 33 ಸ್ಥಾನಗಳಲ್ಲಿ 25ನ್ನು ತಮ್ಮ ಸರಣಿಯಲ್ಲಿ ಓಡುವವರಿಗೆ ಕಾಯ್ದಿರಿಸಿದರು. ಉಳಿದ ಎಂಟು ಸ್ಥಾನಗಳಿಗಾಗಿ ಕೈಯೊಡ್ಡಲು ಕಾರ್ಟ್ ತಂಡಗಳು ಒಪ್ಪಲಿಲ್ಲ.

ತಪ್ಪಿನ ಲೆಕ್ಕ ಕೇಳಿದ್ದೀರಿ. ಜಾರ್ಜ್ ರೋಗವನ್ನು ಬಹುಮಟ್ಟಿಗೆ ಸರಿಯಾಗಿಯೇ ಗುರುತಿಸಿದ್ದರು, ಮದ್ದು ತಪ್ಪಾಯಿತು. ಕಾರ್ಟ್ ಮಾಲೀಕರು ರೋಗವಿದೆಯೆಂದೇ ಒಪ್ಪಲಿಲ್ಲ. ತಮಗೆ ತಾವೇ ನಿಯಮ ಬರೆದುಕೊಳ್ಳುವ ಮಾಲೀಕರ ಮಂಡಳಿ ಯಾವ ಕಾಲಕ್ಕೂ ತನ್ನ ಖರ್ಚು ತಗ್ಗಿಸುವ ನಿಯಮ ಬರೆಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ನೆರೆಮನೆಯ ಹಿರಿಯರು ಮೇ ತಿಂಗಳಲ್ಲಿ ಅಂಗಳದಲ್ಲಿ ಚೌಕಳಿ ಬಾವುಟ ಕಟ್ಟುತ್ತಾರೆ. ಆದರೆ ಟ್ರ್ಯಾಕಿಗೆ ಹೋಗುವುದನ್ನು 1996ರಲ್ಲೇ ಬಿಟ್ಟಿದ್ದಾರೆ. ಎರಡು ಸಂಸ್ಥೆಗಳು ಮತ್ತೆ ಒಂದಾಗಿ ಇಷ್ಟು ವರ್ಷಗಳಾದವಲ್ಲ ಎಂದರೆ ತಲೆಯಾಡಿಸುತ್ತಾರೆ, ಅಷ್ಟೇ. ಇಷ್ಟು ದೀರ್ಘವಾದ ಮುನಿಸು ಏತಕ್ಕೆ?
— ಇಂಡಿಯಾನಾದಲ್ಲಿ ನೆಲೆಸಿರುವ ಓದುಗರು

ಅವರ ಮುನಿಸು ಅರ್ಥವಾಗಬೇಕಾದರೆ 1996ರ ಮೇ 26ರ ಭಾನುವಾರವನ್ನು ನೋಡಬೇಕು. ಆ ದಿನ ಇಂಡಿಯಾನಾಪೊಲಿಸ್‌ನಲ್ಲಿ ಎಂದಿನಂತೆ ಇಂಡಿ 500 ನಡೆಯಿತು. ಅದೇ ದಿನ ಮಿಷಿಗನ್ ರಾಜ್ಯದ ಟ್ರ್ಯಾಕಿನಲ್ಲಿ ಕಾರ್ಟ್ ತನ್ನದೇ ‘ಯುಎಸ್ 500’ ನಡೆಸಿ, ಗೆದ್ದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನವಿಟ್ಟಿತು. ಒಂದು ಕಡೆ ಹೆಸರಿತ್ತು, ಹೆಸರಾಂತ ಚಾಲಕರಿರಲಿಲ್ಲ. ಇನ್ನೊಂದು ಕಡೆ ಚಾಲಕರಿದ್ದರು, ಹೆಸರಿರಲಿಲ್ಲ. ‘ನಿಜವಾದ ವೃತ್ತಿಪರರು ನಾವು’ ಎಂಬ ಧಾಟಿಯಲ್ಲಿ ಹೊರಟ ಕಾರ್ಟ್‌ನ ಓಟದಲ್ಲಿ ಹಸಿರು ಬಾವುಟ ಬೀಳುವ ಮೊದಲೇ ಮುಂದಿನ ಸಾಲಿನ ಕಾರುಗಳು ಒಂದಕ್ಕೊಂದು ತಾಗಿ, ಹಿಂದಿನವೂ ಬಂದು ಗುದ್ದಿ, ಟ್ರ್ಯಾಕಿನ ತುಂಬ ಚೂರುಗಳು ಹರಡಿದವು. ಮೊದಲ ಸ್ಥಾನದಲ್ಲಿದ್ದ ಜಿಮ್ಮಿ ವ್ಯಾಸರ್ ಬದಲಿ ಕಾರು ಹತ್ತಿ ಕೊನೆಗೆ ಗೆದ್ದರು. ಗೆದ್ದು, ‘ಹಾಲು ಯಾರಿಗೆ ಬೇಕು’ ಎಂದು ಚಟಾಕಿ ಹಾರಿಸಿದರು. ಇಂಡಿ 500 ಗೆದ್ದವರು ಹಾಲಿನ ಬಾಟಲಿ ಎತ್ತುವುದು ಅಲ್ಲಿನ ಸಂಪ್ರದಾಯ. ಆ ವರ್ಷ ಆ ಹಾಲು ಕುಡಿದವರು ಬಡಿ ಲಝೀರ್. ಎರಡು ತಿಂಗಳ ಹಿಂದಷ್ಟೇ ಫೀನಿಕ್ಸ್‌ನಲ್ಲಿ ಬೆನ್ನುಮೂಳೆ ಮುರಿದುಕೊಂಡಿದ್ದ ಅವರು, ವಿಶೇಷವಾಗಿ ಮಾಡಿಸಿದ ಆಸನದಲ್ಲಿ ಕುಳಿತು 500 ಮೈಲಿ ಓಡಿಸಿದ್ದರು. ಅದಕ್ಕೂ ಒಂಬತ್ತು ದಿನ ಮೊದಲು, ಅರ್ಹತಾ ಸುತ್ತಿನಲ್ಲಿ ಮೊದಲ ಸ್ಥಾನ ಗಳಿಸಿದ್ದ ಸ್ಕಾಟ್ ಬ್ರೇಟನ್ ಅಭ್ಯಾಸದ ವೇಳೆ ಅಪಘಾತದಲ್ಲಿ ತೀರಿಕೊಂಡಿದ್ದರು. ಬೇರೆ ಯಾವ ವರ್ಷವಾದರೂ ಈ ಎರಡು ಸಂಗತಿಗಳೇ ತಲೆಮಾರುಗಟ್ಟಲೆ ಮಾತಾಗುತ್ತಿದ್ದವು. ಆ ವರ್ಷ ಮಾತು ಜಗಳದ್ದೇ ಆಯಿತು.

ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಜೋಡಾಟವೆಂಬುದಿದೆ: ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಪಂಥಕ್ಕೆ ಬಿದ್ದು ಕುಣಿಯುತ್ತವೆ, ಪ್ರೇಕ್ಷಕ ನಡುವೆ ಕುಳಿತು ಅತ್ತ ಇತ್ತ ನೋಡಿ ಇಬ್ಬರನ್ನೂ ತೂಗುತ್ತಾನೆ. ಅಲ್ಲಿ ಸ್ಪರ್ಧೆಯಿಂದ ಲಾಭ ಪ್ರೇಕ್ಷಕನಿಗೇ. ಇಂಡಿಕಾರ್‌ನ ಎರಡು ರಂಗಸ್ಥಳಗಳು ಬೇರೆ ಬೇರೆ ರಾಜ್ಯಗಳಲ್ಲಿದ್ದವು. ಒಂದನ್ನು ನೋಡುವುದೆಂದರೆ ಇನ್ನೊಂದನ್ನು ಬಿಡುವುದೆಂದೇ ಅರ್ಥವಾಗಿತ್ತು. ‘ಇಂಡಿಕಾರ್’ ಎಂಬ ಹೆಸರಿಗೂ ವ್ಯಾಜ್ಯ ನಡೆದು, 2002 ಮುಗಿಯುವವರೆಗೆ ಯಾರೂ ಅದನ್ನು ಬಳಸಬಾರದೆಂದು ಒಪ್ಪಂದವಾಯಿತು. ಅಪ್ಪನ ಕೈ ಹಿಡಿದು ಗ್ಯಾಲರಿಗೆ ಹೋಗಿದ್ದವನಿಗೆ ತನ್ನ ಆಟವನ್ನು ಮಗನಿಗೆ ಯಾವ ಹೆಸರಿನಿಂದ ಪರಿಚಯಿಸಬೇಕೆಂಬುದೇ ತಿಳಿಯದ ಸ್ಥಿತಿ.

ಎರಡೂ ಬಣದವರು ಅಭಿಮಾನಿ ತಮ್ಮ ಕಡೆಗಿದ್ದಾನೆಂದು ನಂಬಿದ್ದರು. ಆದರೆ ಬಹುಪಾಲು ಅಭಿಮಾನಿಗಳು ಯಾವ ಕಡೆಗೂ ಹೋಗಲಿಲ್ಲ. ಸುಮ್ಮನೆ ಎದ್ದು ಹೋದರು. ಅನೇಕರು ಹೋದದ್ದು ಸಾಮಾನ್ಯ ಕಾರುಗಳ ರೂಪದ ರೇಸ್ ಕಾರುಗಳು ಓಡುವ ನಾಸ್ಕಾರ್ ಸರಣಿಯ ಕಡೆಗೆ. 1994ರಲ್ಲಿ ಇಂಡಿಯಾನಾಪೊಲಿಸ್ ಟ್ರ್ಯಾಕಿನ ಬಾಗಿಲನ್ನು ನಾಸ್ಕಾರ್‌ಗೆ ತೆರೆದವರು ಸ್ವತಃ ಟೋನಿ ಜಾರ್ಜ್. ಆ ಮೊದಲ ಓಟ ಗೆದ್ದವರು ಇಂಡಿಯಾನಾದಲ್ಲೇ ಬೆಳೆದ ಜೆಫ್ ಗಾರ್ಡನ್. ಐಆರ್‌ಎಲ್ ಯಾರಿಗಾಗಿ ಹುಟ್ಟಿತೆಂದು ಹೇಳಲಾಗಿತ್ತೋ ಅಂಥ ಹುಡುಗನ ಅಚ್ಚುಮಾದರಿಯಾಗಿದ್ದ ಟೋನಿ ಸ್ಟೀವರ್ಟ್ ಆ ಸರಣಿಯ ಚಾಂಪಿಯನ್ ಆದರು, 1999ರ ಹೊತ್ತಿಗೆ ಅವರೂ ನಾಸ್ಕಾರ್ ಸೇರಿದರು. ನಿಮ್ಮ ನೆರೆಯವರು ಬಾವುಟವನ್ನಾದರೂ ಕಟ್ಟುತ್ತಾರೆ. ಅವರೊಂದಿಗೆ ವಾದಿಸಬೇಡಿ, ಓಟದ ದಿನ ಅವರ ಅಂಗಳದಲ್ಲಿ ಕುಳಿತು ರೇಡಿಯೊ ವೀಕ್ಷಕ ವಿವರಣೆ ಕೇಳಿ.

ಹಾಗಾದರೆ ಮತ್ತೆ ಒಂದಾದದ್ದು ಹೇಗೆ?
— ಓದುಗರೊಬ್ಬರು, ಉಡುಪಿ

ರಾಜಿಯಿಂದಲ್ಲ, ದಣಿವಿನಿಂದ. ಕಾರ್ಟ್ 1998ರಲ್ಲಿ ಷೇರು ಮಾರುಕಟ್ಟೆಗೆ ಇಳಿಯಿತು. 2001ರ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಕಡಿದಾದ ತಿರುವುಗಳಲ್ಲಿ ಆ ಕಾರುಗಳ ವೇಗಕ್ಕೆ ಚಾಲಕರಿಗೇ ತಲೆ ಸುತ್ತಿ ಬಂದು, ಪ್ರೇಕ್ಷಕರು ಬಂದ ಮೇಲೆ ಓಟವನ್ನೇ ರದ್ದು ಮಾಡಬೇಕಾಯಿತು. ಇತ್ತ ಇಂಡಿ 500ರ ಸೆಳೆತ ಬಿಡಲಿಲ್ಲ: 2000ದಲ್ಲಿ ಕಾರ್ಟ್ ಬಣದ ಚಿಪ್ ಗನಾಸಿ ತಂಡ ಹಿಂದಿರುಗಿ, ಹ್ವಾನ್ ಪಾಬ್ಲೊ ಮೊಂಟೊಯಾ 200 ಸುತ್ತುಗಳಲ್ಲಿ 167ರಲ್ಲಿ ಮುಂದಿದ್ದು ಗೆದ್ದರು. ಮರುವರ್ಷ ಪೆನ್ಸ್ಕಿ ಬಂದರು, ಗೆದ್ದರು, 2002ರಿಂದ ಅಲ್ಲೇ ಉಳಿದರು. 2003ರಲ್ಲಿ ಹೋಂಡಾ, ಟೊಯೊಟಾಗಳೂ ಅತ್ತ ಸರಿದವು. ದಿವಾಳಿಯಾದ ಕಾರ್ಟ್ ಅನ್ನು 2004ರ ಆರಂಭದಲ್ಲಿ ಮೂವರು ತಂಡದ ಮಾಲೀಕರು ಕೊಂಡು ‘ಚಾಂಪ್‌ಕಾರ್’ ಎಂದು ನಡೆಸಿದರು. 2008ರ ಫೆಬ್ರುವರಿಯಲ್ಲಿ ಅದೂ ಇಂದಿನ ಇಂಡಿಕಾರ್ ಆಗಿರುವ ಐಆರ್‌ಎಲ್‌ನಲ್ಲಿ ಸೇರಿತು.

ಒಂದಾದ ಮೇಲೂ ಒಡಕು ಕೊನೆಯ ಬಾರಿ ಹಲ್ಲು ತೋರಿಸಿತು. ದಿನಾಂಕಗಳನ್ನು ಬದಲಿಸಲಾಗದೆ ಏಪ್ರಿಲ್ 20ರಂದು ಅರ್ಧ ತಂಡಗಳು ಜಪಾನಿನ ಮೊಟೆಗಿಯಲ್ಲಿ, ಉಳಿದರ್ಧ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಓಡಿದವು. ಮೊಟೆಗಿಯಲ್ಲಿ ಡ್ಯಾನಿಕಾ ಪ್ಯಾಟ್ರಿಕ್ ಗೆದ್ದು, ಈ ಆಟದಲ್ಲಿ ಗೆದ್ದ ಮೊದಲ ಮಹಿಳೆಯಾದರು. ಅಂಥ ಗೆಲುವನ್ನು ಅರ್ಧದಷ್ಟು ಸ್ಪರ್ಧಿಗಳ ಎದುರು ಗೆಲ್ಲಬೇಕಾದದ್ದು ಅವರ ದುರದೃಷ್ಟ.

ನರೇನ್ ಕಾರ್ತಿಕೇಯನ್ ಫಾರ್ಮುಲಾ 1ರಲ್ಲಿ ನಾಲ್ಕನೆಯವರಾದದ್ದು ಇದೇ ಟ್ರ್ಯಾಕಿನಲ್ಲವೇ? ಅದಕ್ಕೂ ಈ ಒಡಕಿಗೂ ಸಂಬಂಧವಿದೆಯೇ?
— ಓದುಗರೊಬ್ಬರು, ಮೈಸೂರು

ಟ್ರ್ಯಾಕ್ ಅದೇ, ಜಗಳ ಬೇರೆ, ಪೆಟ್ಟು ತಿಂದವರು ಮತ್ತೆ ಪ್ರೇಕ್ಷಕರೇ. 2005ರ ಜೂನ್‌ನಲ್ಲಿ ಅಲ್ಲಿನ ಕೊನೆಯ ತಿರುವಿನ ಒತ್ತಡವನ್ನು ತನ್ನ ಟೈರುಗಳು ತಾಳುವುದಿಲ್ಲವೆಂದು ಮಿಷೆಲಿನ್ ಹೇಳಿತು; ತಿರುವಿಗೆ ತಡೆ ಹಾಕಿ ವೇಗ ತಗ್ಗಿಸುವ ಸಲಹೆಯನ್ನು ಫಾರ್ಮುಲಾ 1ರ ನಿಯಂತ್ರಣ ಸಂಸ್ಥೆಯಾದ ಎಫ್‌ಐಎ ಒಪ್ಪಲಿಲ್ಲ. ಆರಂಭದ ಸುತ್ತು ಮುಗಿಸಿ 14 ಕಾರುಗಳು ಸಾಲಾಗಿ, ಟ್ರ್ಯಾಕಿನ ಪಕ್ಕದ ದುರಸ್ತಿ ಜಾಗವಾದ ಪಿಟ್‌ಗೆ ತಿರುಗಿಕೊಂಡವು. ಬ್ರಿಜ್‌ಸ್ಟೋನ್ ಟೈರಿನ ಆರು ಕಾರುಗಳು ಮಾತ್ರ ಗೆರೆಯಲ್ಲಿ ನಿಂತವು. ಜನ ಕೂಗಿದರು, ಟ್ರ್ಯಾಕಿಗೆ ಬಾಟಲಿ ಎಸೆದರು. ಜೋರ್ಡನ್ ತಂಡದ ಕಾರ್ತಿಕೇಯನ್ ಆ ಆರರಲ್ಲಿ ನಾಲ್ಕನೆಯವರಾಗಿ ಐದು ಅಂಕ ಗಳಿಸಿ, ಫಾರ್ಮುಲಾ 1ರಲ್ಲಿ ಅಂಕ ಪಡೆದ ಮೊದಲ ಭಾರತೀಯರಾದರು. ಆ ರಾತ್ರಿ ಟಿವಿ ಮುಂದೆ ಕುಳಿತಿದ್ದ ನನಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಕೈ ಅರ್ಧಕ್ಕೇ ನಿಂತದ್ದು ನೆನಪಿದೆ. ಮಿಷೆಲಿನ್ ಆಮೇಲೆ ಟಿಕೆಟ್ ಹಣ ಹಿಂದಿರುಗಿಸಿತು. ಮರುವರ್ಷದ ಓಟಕ್ಕೆ 20,000 ಟಿಕೆಟ್‌ಗಳನ್ನು ತಾನೇ ಕೊಂಡು ಆ ಪ್ರೇಕ್ಷಕರಿಗೆ ಕೊಟ್ಟಿತು. ಒಡಕಿನ ಹನ್ನೆರಡು ವರ್ಷಗಳಲ್ಲಿ ಇಂಡಿಕಾರ್ ಅಭಿಮಾನಿ ಕಳೆದುಕೊಂಡದ್ದು ಟಿಕೆಟ್ ಹಣದಿಂದ ತೀರುವಂಥದ್ದಲ್ಲ.

ಫಾರ್ಮುಲಾ 1 ಎಂದಾದರೂ ಹೀಗೆ ಒಡೆದಿದೆಯೇ?
— ಓದುಗರೊಬ್ಬರು, ಬೆಂಗಳೂರು

ಒಡೆಯುವ ಅಂಚಿಗೆ ಬಂದಿತ್ತು. 2009ರ ಜೂನ್‌ನಲ್ಲಿ, ಖರ್ಚಿಗೆ ನಾಲ್ಕು ಕೋಟಿ ಪೌಂಡ್‌ಗಳ ಮಿತಿ ಹೇರುವ ಎಫ್‌ಐಎ ಯೋಜನೆಯನ್ನು ವಿರೋಧಿಸಿ ಎಂಟು ತಂಡಗಳು ಪ್ರತ್ಯೇಕ ಸರಣಿ ಘೋಷಿಸಿದವು. ನಿಮ್ಮ ಊರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ, ವಿಲಿಯಮ್ಸ್ ಜೊತೆಗೆ, ಎಫ್‌ಐಎ ಕಡೆಗೇ ಉಳಿದಿತ್ತು. ಒಂದು ವಾರದೊಳಗೆ ಪ್ಯಾರಿಸ್‌ನಲ್ಲಿ ಸಂಧಾನವಾಗಿ, ಎಫ್‌ಐಎ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಮತ್ತೆ ಸ್ಪರ್ಧಿಸುವುದಿಲ್ಲವೆಂದು ಒಪ್ಪಿದರು. ಅಮೆರಿಕದ ಉದಾಹರಣೆ ಆಗ ಎಲ್ಲರ ಕಣ್ಣೆದುರೇ ಇತ್ತು.

ಇಂಡಿಕಾರ್ ಮತ್ತೊಮ್ಮೆ ಒಡೆಯಬಹುದೇ? ಅದರ ಭವಿಷ್ಯದ ಬಗ್ಗೆ ನಿಮಗೆ ಏನನ್ನಿಸುತ್ತದೆ?
— ಓದುಗರೊಬ್ಬರು, ಕಲಬುರಗಿ

ಹಳೆಯ ರೀತಿಯಲ್ಲಿ ಒಡೆಯುವುದು ಕಷ್ಟ, ಏಕೆಂದರೆ ಈಗ ಹೊಲವೂ ಎತ್ತೂ ಒಂದೇ ಮನೆಯಲ್ಲಿವೆ. 1979ರಲ್ಲಿ ಬಂಡೆದ್ದ ಅದೇ ರೋಜರ್ ಪೆನ್ಸ್ಕಿ 2019ರ ನವೆಂಬರ್‌ನಲ್ಲಿ ಟ್ರ್ಯಾಕ್ ಮತ್ತು ಸರಣಿ ಎರಡನ್ನೂ ಹಲ್ಮನ್ ಕುಟುಂಬದಿಂದ ಕೊಳ್ಳುವುದಾಗಿ ಪ್ರಕಟಿಸಿದರು. 2025ರಲ್ಲಿ ಪ್ರಸಾರ ಸಂಸ್ಥೆ ಫಾಕ್ಸ್ ಅದರಲ್ಲಿ ಮೂರನೇ ಒಂದು ಪಾಲು ಪಡೆಯಿತು. ತೊಡಕಿದ್ದದ್ದು ತೂಗುವ ತಕ್ಕಡಿಯೂ ಅದೇ ಮನೆಯಲ್ಲಿದ್ದುದರಲ್ಲಿ. 2025ರ ಇಂಡಿ 500ರ ಅರ್ಹತಾ ಸುತ್ತಿನಲ್ಲಿ, ಹಿಂದಿನ ಎರಡೂ ವರ್ಷ ಗೆದ್ದಿದ್ದ ಜೋಸೆಫ್ ನ್ಯೂಗಾರ್ಡನ್ ಹಾಗೂ ಅವರ ತಂಡದ ಸಂಗಾತಿ ವಿಲ್ ಪವರ್ ಅವರ ಪೆನ್ಸ್ಕಿ ಕಾರುಗಳಲ್ಲಿ, ಹಿಂಬದಿಯಿಂದ ಬೀಳುವ ಢಿಕ್ಕಿಯನ್ನು ತಾಳುವ ಭಾಗದ ಸಂದುಗಳನ್ನು ನಿಯಮ ಮೀರಿ ತುಂಬಿ ನಯ ಮಾಡಿದ್ದು ಪತ್ತೆಯಾಯಿತು. ಇಬ್ಬರನ್ನೂ ಕೊನೆಯ ಸಾಲಿಗೆ ಕಳುಹಿಸಲಾಯಿತು. ಪೆನ್ಸ್ಕಿ ತಂಡದ ಮೂವರು ಹಿರಿಯ ಅಧಿಕಾರಿಗಳನ್ನು ಕೆಲಸದಿಂದ ತೆಗೆದರು. ಶಿಕ್ಷೆ ಸಣ್ಣದೇನಲ್ಲ. ಆದರೆ ಆಗ ತೀರ್ಪುಗಾರರ ಸಂಬಳವೂ ಸ್ಪರ್ಧಿಯೊಬ್ಬರ ಖಜಾನೆಯಿಂದ ಬರುತ್ತಿದ್ದುದರಿಂದ ಎಷ್ಟು ನ್ಯಾಯವಾದ ತೀರ್ಪಿಗೂ ಅನುಮಾನದ ನೆರಳು ತಪ್ಪಲಿಲ್ಲ.

ಒಂದು ಸಂಖ್ಯೆ ನನ್ನ ಗಮನ ಸೆಳೆಯಿತು. 2024ರಲ್ಲಿ ಇಂಡಿಕಾರ್ ಹತ್ತು ತಂಡಗಳಿಗೆ 25 ‘ಚಾರ್ಟರ್’ಗಳನ್ನು, ಅಂದರೆ ಕಾಯಂ ಸ್ಥಾನಗಳನ್ನು ಹಂಚಿತು. 1996ರಲ್ಲಿ ಬೆಂಕಿ ಹಚ್ಚಿದ ಸಂಖ್ಯೆಯೂ 25. ಈ ಬಾರಿ ಬರೆದವರು ಹಳೆಯ ಸುಟ್ಟಗಾಯವನ್ನು ಮರೆತಿರಲಿಲ್ಲ: ಇಂಡಿ 500ಕ್ಕೆ ಆ ಚಾರ್ಟರ್ ಯಾವ ಭರವಸೆಯನ್ನೂ ಕೊಡುವುದಿಲ್ಲ, ಅಲ್ಲಿ ಎಲ್ಲರೂ ವೇಗದಿಂದಲೇ 33ರೊಳಗೆ ಬರಬೇಕು.

ಅಭಿಮಾನಿಗಳ ವಿಷಯದಲ್ಲಿ ನನಗೆ ಪೂರ್ಣ ನಿರಾಶೆಯಿಲ್ಲ. ಟಿಕೆಟ್ ಪೂರ್ತಿ ಮಾರಾಟವಾಗದಿದ್ದರೆ ಇಂಡಿಯಾನಾಪೊಲಿಸ್ ಊರಿನ ಟಿವಿಗಳಲ್ಲಿ ಓಟದ ನೇರಪ್ರಸಾರ ಇರುವುದಿಲ್ಲ ಎಂಬುದು ಹಳೆಯ ಕಟ್ಟಳೆ. 2016ರ ನೂರನೆಯ ಓಟದಲ್ಲೂ 2025ರಲ್ಲೂ ಗ್ಯಾಲರಿ ಪೂರ್ತಿ ತುಂಬಿ ಆ ತಡೆ ತೆರವಾಯಿತು. ಆದರೆ ಇದು ಮೇ ತಿಂಗಳ ಒಂದು ಓಟದ ಮಾತು. ವರ್ಷದ ಉಳಿದ ಓಟಗಳಿಗೆ ಅಂಥ ಸೆಳೆತ ಬಂದಿಲ್ಲ. ಜನ ಇಂಡಿ 500ಕ್ಕೆ ಮರಳಿದ್ದಾರೆ, ಇಂಡಿಕಾರ್‌ಗೆ ಇನ್ನೂ ಮರಳಿಲ್ಲ.

ಹೊಸದಾಗಿ ನೋಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?
— ವಿದ್ಯಾರ್ಥಿನಿ, ತುಮಕೂರು

ಮೇ ತಿಂಗಳ ಕೊನೆಯ ಭಾಗದ ಒಂದು ಭಾನುವಾರ ನಡೆಯುವ ಇಂಡಿ 500ರಿಂದಲೇ. ನಮ್ಮಲ್ಲಿ ಆಗ ರಾತ್ರಿ ಹತ್ತು ದಾಟಿರುತ್ತದೆ. ಓಟ ಸುಮಾರು ಮೂರು ಗಂಟೆ ನಡೆಯುತ್ತದೆ, ಮಳೆ ಬಂದರೆ ಇನ್ನೂ ಹೆಚ್ಚು. ಮಧ್ಯಾಹ್ನ ಸ್ವಲ್ಪ ನಿದ್ದೆ ಮಾಡಿಟ್ಟುಕೊಳ್ಳಿ. ಕೊನೆಯ ಇಪ್ಪತ್ತು ಸುತ್ತು ಬಿಟ್ಟು ಮಲಗಿದರೆ ನೋಡಿದಂತಲ್ಲ.