ಉಫಾದಲ್ಲಿ ರಷ್ಯನ್ ಒಂದೇ ಸಾಕಾ?

ತಮ್ಮಾ, ನಿನಗೆ ರಷ್ಯಾದ ಬಷ್ಕೊರ್ತೊಸ್ತಾನ್ ಗಣರಾಜ್ಯದ ರಾಜಧಾನಿ ಉಫಾದಲ್ಲಿ ಮೆಡಿಕಲ್ ಸೀಟು ಸಿಕ್ಕಿದ್ದು ಕೇಳಿ ತುಂಬಾ ಖುಷಿಯಾಯಿತು. ರಷ್ಯನ್ ಕಲಿತರೆ ಸಾಕಾ, ಬೋರ್ಡುಗಳ ಮೇಲಿರುವ ಇನ್ನೊಂದು ಭಾಷೆಯೂ ಬೇಕಾ ಅಂತ ಕೇಳಿದ್ದೀಯ. ಆಸ್ಪತ್ರೆ, ಅಂಗಡಿ, ಬಸ್ಸು ಎಲ್ಲಕ್ಕೂ ರಷ್ಯನ್ ಸಾಕು. ಆದರೂ ಆ ಇನ್ನೊಂದು ಭಾಷೆ, ಅಂದರೆ ಇಲ್ಲಿನ ಬಷ್ಕೀರ್ ಜನರ ಬಷ್ಕೀರ್, ಸ್ವಲ್ಪ ಕಲಿ. ಇದು ಅವರ ನೆಲ, ಅಲ್ವಾ?

ನೀನು ಬಂದಿಳಿಯುವ ವಿಮಾನ ನಿಲ್ದಾಣಕ್ಕೇ ಬಷ್ಕೀರ್ ಕವಿ ಮುಸ್ತೈ ಕರೀಮ್ ಹೆಸರಿದೆ. ಊರಿನ ಹೆಸರು ರಷ್ಯನ್ನಿನಲ್ಲಿ ಉಫಾ, ಬಷ್ಕೀರಿನಲ್ಲಿ ಒಫೊ. ಅದರಲ್ಲಿ ಎರಡು ಸಲ ಬರುವ ಅಕ್ಷರ ನೋಡು: ನಮ್ಮ ಠ ಒಳಗಿನ ಚುಕ್ಕಿ ಅಳಿಸಿ, ಅಡ್ಡಗೆರೆ ಎಳೆದ ಹಾಗಿದೆ. ರಷ್ಯನ್ನಿನ 33 ಅಕ್ಷರಗಳಿಗೆ ಇಂಥ 9 ಸೇರಿ ಒಟ್ಟು 42. ಈ 9 ಕಲಿಯೋಕೆ ಒಂದು ವಾರ ಸಾಕು. ಎರಡಕ್ಕೆ ಮಾತ್ರ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತರಬೇಕು, ಅದಕ್ಕೆ ಜಾಸ್ತಿ ಅಭ್ಯಾಸ ಬೇಕು.

ನನಗೆ ಈ ಭಾಷೆ ಹತ್ತಿರವಾಗಿದ್ದು ಹಾಲಿನಿಂದ. ಪಕ್ಕದ ತಾತಾರರು ಹಾಲಿಗೆ 'ಸೊತ್' ಅಂದರೆ ಬಷ್ಕೀರರು 'ಹೊತ್' ಅನ್ನುತ್ತಾರೆ. ನೀರು ಅವರಿಗೆ 'ಸು', ಇವರಿಗೆ 'ಹಿಉ'. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲು ಆಯಿತಲ್ಲ, ಹಾಗೇ ಇಲ್ಲಿ ಎಷ್ಟೋ ಮಾತುಗಳಲ್ಲಿ ಸಕಾರ ಹಕಾರವಾಗಿದೆ.

ಇನ್ನು ಲಿಪಿಯ ಕಥೆ. ನನ್ನ ಹೆಂಡತಿ ಬಷ್ಕೀರ್. ಅತ್ತೆಯ ಮನೆಯಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಅದರಲ್ಲಿ ಮುತ್ತಜ್ಜನ ಪುಸ್ತಕ ಅರಬ್ಬಿ ಲಿಪಿಯಲ್ಲಿದೆ. ಅಜ್ಜಿಯ ಶಾಲೆಯ ನೋಟ್‌ಬುಕ್ ಲ್ಯಾಟಿನ್‌ನಲ್ಲಿದೆ, ಯಾಕೆಂದರೆ 1920ರ ದಶಕದ ಕೊನೆಗೆ ಸೋವಿಯತ್ ಸರ್ಕಾರ ಲಿಪಿ ಬದಲಿಸಿತು. 1940ರ ಹೊತ್ತಿಗೆ ಮತ್ತೆ ಬದಲಿಸಿ ಸಿರಿಲಿಕ್, ಅಂದರೆ ರಷ್ಯನ್ ಬರೆಯುವ ಲಿಪಿ, ತಂದರು. ಅತ್ತೆಯ ಪತ್ರಗಳೆಲ್ಲ ಅದರಲ್ಲೇ. ಹದಿನೈದು ವರ್ಷವೂ ಆಗುವ ಮೊದಲು ಎರಡು ಸಲ! ನೋಟ್‌ಬುಕ್ಕನ್ನು ಅತ್ತೆ ತಡವರಿಸಿ ಓದುತ್ತಾರೆ. ಮುತ್ತಜ್ಜನ ಪುಸ್ತಕದ ಹಾಳೆ ಮೇಲೆ ಸುಮ್ನೆ ಕೈ ಸವರಿ ಮುಚ್ಚಿಡುತ್ತಾರೆ. ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಉಳಿದಿಲ್ಲ. ಅದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬಂದ ಮೇಲೆ ಒಂದು ಭಾನುವಾರ ಊಟಕ್ಕೆ ಬಾ. ಅತ್ತೆ ಚಹಾಕ್ಕೆ ಹಾಲು ಬೆರೆಸಿ, ಜೊತೆಗೆ ಜೇನುತುಪ್ಪ ಇಟ್ಟು ಕೊಡುತ್ತಾರೆ. ತಗೊಂಡು 'ರಹ್ಮೆತ್' ಅನ್ನು, ಧನ್ಯವಾದ ಅಂತ ಅರ್ಥ. ಆಮೇಲೆ ಆ ಪೆಟ್ಟಿಗೆಯನ್ನು ಅವರೇ ತೆಗೆದು ತೋರಿಸುತ್ತಾರೆ.